ಮಳೆ ಸೆಮಿಸ್ಟರ್ ಕಾಯುವುದಿಲ್ಲ: ಆನರ್ಸ್ ವರ್ಷದ ನನ್ನ ಅನುಭವ

2021ರಲ್ಲಿ ಶಿವಮೊಗ್ಗದಲ್ಲಿ ಬಿ.ಎಸ್ಸಿ.ಗೆ ಸೇರಿದ ನಾವು ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯ ಮೊದಲ ಬ್ಯಾಚ್. ನಾಲ್ಕನೇ ವರ್ಷ ಓದಿದರೆ ಆನರ್ಸ್ ಎಂದು ಸೇರುವಾಗಲೇ ಹೇಳಿದ್ದರು. 2024ರ ಮೇ ತಿಂಗಳಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದಾಗಲೇ ಸೇರಿದ್ದವರು ಬೇಕಾದರೆ ನಾಲ್ಕನೆಯದನ್ನೂ ಓದಬಹುದು ಎಂದಾಯಿತು. ಜೊತೆಯವರಲ್ಲಿ ಬಹುಪಾಲು ಜನ ಬಿ.ಎಡ್., ಎಂ.ಎಸ್ಸಿ., ಬ್ಯಾಂಕ್ ಪರೀಕ್ಷೆ ಎಂದು ಹೊರಟರು. ಸಸ್ಯಶಾಸ್ತ್ರದಲ್ಲಿ ಉಳಿದವರನ್ನು ಕೂರಿಸಲು ಒಂದೇ ಬೆಂಚು ಸಾಕಿತ್ತು.

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರಿನಲ್ಲಿ ಕೊಟ್ಟ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ 75 ಅಥವಾ ಹೆಚ್ಚು ಅಂಕ ಇದ್ದವರು 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಬರೆಯಬಹುದು, ಉಳಿದವರಿಗೆ ಅದರ ಬದಲು ಮೂರು ಪತ್ರಿಕೆ. ನನ್ನದು ಎಪ್ಪತ್ತಾರು ಚಿಲ್ಲರೆ, ದಡ ಮುಟ್ಟಿದ್ದೇ ಹೆಚ್ಚು.

ವಿಷಯ ಮಾತ್ರ ಮೊದಲೇ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮ ಮನೆ ತೀರ್ಥಹಳ್ಳಿ ಕಡೆ, ಅಡಿಕೆ ತೋಟ. "ಮಲೆನಾಡಿನ ಅಡಿಕೆಯ ರೋಗಗಳು: ಒಂದು ಅಧ್ಯಯನ" ಎಂದು ಬರೆದು ಗೈಡ್ ಆಗಲಿದ್ದ ಮೇಡಂ ಮುಂದೆ ಇಟ್ಟೆ. ಅವರು "ಮಲೆನಾಡಿನ" ಮೇಲೆ ಒಂದು ಗೀಟು, "ರೋಗಗಳು" ಮೇಲೆ ಇನ್ನೊಂದು ಗೀಟು ಎಳೆದು, "ನಿಮ್ಮ ತೋಟದಲ್ಲಿ ನೀನೊಬ್ಬಳೇ ಎಣಿಸಬಹುದಾದದ್ದು ಏನಿದೆ?" ಎಂದರು. ಮೂರು ವಾರ ತಲೆ ಕೆರೆದುಕೊಂಡ ಮೇಲೆ ಉಳಿದದ್ದು ಇಷ್ಟು: ಕೊಳೆರೋಗಕ್ಕೆ ಉದುರುವ ಕಾಯಿ, ವಾರಕ್ಕೊಮ್ಮೆ, ಅರವತ್ತು ಮರದ ಕೆಳಗೆ.

ಆರನೇ ಸೆಮಿಸ್ಟರ್ ಇನ್ನೂ ಮುಗಿದಿರಲಿಲ್ಲ, ನಾಲ್ಕನೇ ವರ್ಷದ ತರಗತಿ ಯಾವಾಗ ಎಂದು ಯಾರಿಗೂ ತಿಳಿದಿರಲಿಲ್ಲ. ಆದರೆ ಕೊಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ಆಟ. ಪ್ರವೇಶದ ನೋಟಿಸು ಬರುವವರೆಗೆ ಕಾದಿದ್ದರೆ ತೋಟದಲ್ಲಿ ಎಣಿಸಲು ಏನೂ ಇರುತ್ತಿರಲಿಲ್ಲ. ಹೊಲ, ತೋಟ, ಹೊಳೆಯ ಮೇಲೆ ಪ್ರಾಜೆಕ್ಟ್ ಮಾಡುವವರು ಇದೊಂದನ್ನು ತಲೆಯಲ್ಲಿಟ್ಟುಕೊಳ್ಳಿ, ಕ್ಯಾಲೆಂಡರ್ ಕಾಲೇಜಿನದಲ್ಲ. ಪ್ರತಿ ಶನಿವಾರ ಮಧ್ಯಾಹ್ನದ ಬಸ್ಸು, ಗಾಜನೂರು, ಮಂಡಗದ್ದೆ ದಾಟುವ ಹೊತ್ತಿಗೆ ಕಿಟಕಿಯ ಶಟರ್ ಇಳಿಸಿದರೂ ಮಡಿಲು ಒದ್ದೆ. ಆ ಜುಲೈ ಮಳೆ ಈ ಕಡೆಯವರಿಗೆ ನೆನಪಿರಬೇಕು.

ಮೊದಲ ವಾರದ ಎಣಿಕೆ ಪೂರ್ತಿ ದಂಡ. ಎಣಿಸಿದ ಕಾಯಿಯನ್ನು ಅಲ್ಲೇ ಬಿಟ್ಟಿದ್ದೆ, ಮುಂದಿನ ವಾರ ಹಳೆಯದು ಯಾವುದು, ಹೊಸದು ಯಾವುದು? ಅಂದಿನಿಂದ ಎಣಿಸಿದ್ದನ್ನೆಲ್ಲ ಹೆಕ್ಕಿ ತೋಟದ ಹೊರಗೆ ಹಾಕಿದೆ (ರೋಗಕ್ಕೂ ಅದೇ ಒಳ್ಳೆಯದು). ಮರಕ್ಕೊಂದು ಲೆಕ್ಕ ಇಡುವ ಯೋಚನೆಯೂ ಕೈಬಿಟ್ಟಿತು. ಇಳಿಜಾರಿನಲ್ಲಿ ಕಾಯಿ ಉರುಳಿ ಬಸಿಗಾಲುವೆಗೆ ಬೀಳುತ್ತದೆ, ಅಲ್ಲಿಂದ ನೀರು ಒಯ್ಯುತ್ತದೆ. ಹಾಗಾಗಿ ಸಾಲಿಗೊಂದು ಲೆಕ್ಕ, ಕಾಲುವೆಗೆ ಅಡ್ಡ ಹಳೇ ಬಲೆಯ ತುಂಡು. ಉದುರಿದ್ದೆಲ್ಲ ಕೊಳೆಯೂ ಅಲ್ಲ. ತೊಟ್ಟಿನ ಬಳಿ ನೀರು ಹೀರಿದಂಥ ಕಡುಹಸಿರು ಕಲೆ ನೋಡಬೇಕು. ಅನುಮಾನದ ಕಾಯಿಗಳನ್ನು ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ಒಯ್ಯುತ್ತಿದ್ದೆ. ಬಿಳಿ ಬೂಸ್ಟು ಬಂದ ಮೇಲೆ ಸೂಕ್ಷ್ಮದರ್ಶಕದಲ್ಲಿ ನಿಂಬೆಹಣ್ಣಿನ ಆಕಾರದ ಬೀಜಕಚೀಲಗಳು ಕಂಡರೆ ಅದು ಕೊಳೆ ತರುವ ಫೈಟಾಫ್ತೊರಾ. ಹಾಸ್ಟೆಲ್ ರೂಮಿನಲ್ಲಿ ಆ ಡಬ್ಬಿ ಇಟ್ಟ ರಾತ್ರಿ ರೂಮ್‌ಮೇಟ್ ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ಓದುವ ಭಾಗ ಬೇಸರದ್ದು ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಮೇಡಂ ವಾರಕ್ಕೊಂದು ಲೇಖನ ಓದಿ ಒಂದೇ ಪುಟ ಬರೆಸುತ್ತಿದ್ದರು, ಎರಡನೇ ಪುಟಕ್ಕೆ ಹೋದರೆ ವಾಪಸು. ಹಾಗೆ ಸಿಕ್ಕಿದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ 1910ರ ವರದಿ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ರೂಢಿಯ ಬೇರು ಅವರ ಕೆಲಸದಲ್ಲಿದೆ. ಅದಕ್ಕೂ ಮುಂಚೆ ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಕೊಳೆರೋಗ ಎಂಬ ನಮ್ಮ ಮಾತು ಇಂಗ್ಲಿಷ್ ಬರಹದಲ್ಲಿ ಹಾಗೇ ಉಳಿದಿದೆ, ಕಾಫಿಯ ಕೊಳೆ ತರುವ ಶಿಲೀಂಧ್ರಕ್ಕಂತೂ ಕೊಲೆರೋಗ ನಾಕ್ಸಿಯಾ ಎಂದೇ ಹೆಸರು.

ಈಗ ಪೆಟ್ಟು ಬಿದ್ದ ಕಡೆಗೆ ಬರುತ್ತೇನೆ. ಆ ವರ್ಷ ಔಷಧಿ ಹೊಡೆಯುವವರು ಸಿಗದೆ, ಮೇಲಿನ ಮೂವತ್ತು ಮರಕ್ಕೆ ಮಳೆಗೆ ಮೊದಲೇ ಬೋರ್ಡೋ ಆಗಿತ್ತು, ಹಳ್ಳದ ಬದಿಯ ಮೂವತ್ತಕ್ಕೆ ತಡವಾಯಿತು. ಎರಡಕ್ಕೂ ಒಂದೇ ಪಾಕ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಪ್ಪಯ್ಯ ಕತ್ತಿಯ ಅಲಗು ಅದ್ದಿ, ಕೆಂಪಗಾದರೆ ಇನ್ನಷ್ಟು ಸುಣ್ಣ ಹಾಕುವವರು. ಹಳ್ಳದ ಬದಿಯಲ್ಲಿ ಉದುರಿದ್ದು ಎರಡರಷ್ಟಕ್ಕೂ ಹೆಚ್ಚು. ಗ್ರಾಫ್ ಚೆಂದ ಬಂತು, ವ್ಯತ್ಯಾಸ ಆಕಸ್ಮಿಕವೋ ಎಂದು ನೋಡುವ ಟಿ-ಪರೀಕ್ಷೆಯೂ ಒಪ್ಪಿತು. "ಔಷಧಿ ತಡವಾದರೆ ಕೊಳೆ ಹೆಚ್ಚು" ಎಂದು ಬರೆದು ಒಯ್ದೆ.

ಮೇಡಂ ಗ್ರಾಫ್ ನೋಡಲೇ ಇಲ್ಲ. "ಹಳ್ಳದ ಬದಿ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?"

ಬೀಳುವುದೇ ಇಲ್ಲ. ಅಲ್ಲಿ ಹಲಸಿನ ಮರಗಳ ನೆರಳು, ಸದಾ ಥಂಡಿ. ಕಾಯಿ ಉದುರಿದ್ದು ತಡವಾಗಿ ಹೊಡೆದದ್ದಕ್ಕೋ, ಥಂಡಿಗೋ? ನಾಲ್ಕು ತಿಂಗಳ ಎಣಿಕೆ ಅದನ್ನು ಬಿಡಿಸಿ ಹೇಳಲಾರದು. ಎರಡು ದಿನ ಅತ್ತೆ. ಆಮೇಲೆ ಪ್ರಬಂಧದ ಕೊನೆಯ ಅಧ್ಯಾಯವನ್ನು ಮೊದಲಿಂದ ಬರೆದೆ. ಏನು ಎಣಿಸಿದೆ, ಅದರಿಂದ ಏನನ್ನು ಹೇಳಲಾಗದು, ಹೇಳಬೇಕಾದರೆ ತೋಟವನ್ನು ಹೇಗೆ ಹಂಚಿಕೊಳ್ಳಬೇಕಿತ್ತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ನಾಲ್ಕು ಪುಟದ ಬಗ್ಗೆಯೇ.

ಆಮೇಲೆ ಮನೆಗೆ ಹೋದಾಗ, ಮುಂದಿನ ಮಳೆಗಾಲ ಸರಿಯಾಗಿ ಮಾಡೋಣ ಎಂದು ಅಪ್ಪಯ್ಯನಿಗೆ ಚಿತ್ರ ಬರೆದು ತೋರಿಸಿದೆ: ಮೇಲೂ ಕೆಳಗೂ ಅರ್ಧರ್ಧ ಸಾಲಿಗೆ ಮೊದಲೇ ಔಷಧಿ, ಉಳಿದರ್ಧಕ್ಕೆ ತಡವಾಗಿ. ಅವರು ಕನ್ನಡಕ ಏರಿಸಿ ಪೂರ್ತಿ ನೋಡಿ, ಹಾಳೆ ಮಡಚಿ ಕೊಟ್ಟರು. "ನಿನ್ನ ಓದಿಗೆ ನನ್ನ ಬೆಳೆ ಕೊಳೆಸಕ್ಕಾಗಲ್ಲ ಮಾರಾಯ್ತಿ."