ಆಲೆಮನೆಗೆ ಎರಡು ಕ್ಯಾಮೆರಾ

ಫಿಲ್ಮ್ ಒಳ್ಳೆಯದಾ, ಡಿಜಿಟಲ್ ಒಳ್ಳೆಯದಾ ಅಂತ ಕೇಳುವವರಿಗೆ ನಾನು ಮಂಡ್ಯದ ಹತ್ತಿರದ ಒಂದು ಆಲೆಮನೆಯ ಅನುಭವ ಹೇಳುತ್ತೇನೆ. ನನ್ನ ಮನೆ ಮೈಸೂರಿನಲ್ಲಿ. ಫೋಟೋ ತೆಗೆಯುವುದು ಭಾನುವಾರದ ಹವ್ಯಾಸ. ಐದಾರು ವರ್ಷ ಬರೀ ಡಿಜಿಟಲ್‌ನಲ್ಲೇ ತೆಗೆದೆ. ಆಮೇಲೆ ಸೋದರಮಾವ ತಮ್ಮ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್‌ಎಂ10 ಕೊಟ್ಟರು. "ಸುಮ್ನೆ ಬೀರುವಿನಲ್ಲಿ ಬಿದ್ದಿದೆ, ನೀನಾದ್ರೂ ಇಟ್ಕೋ" ಅಂದರು.

ಮೊದಲ ರೀಲು ಪೂರ್ತಿ ಖಾಲಿ ಬಂತು. ಮೇಲುಕೋಟೆ ಕಲ್ಯಾಣಿಯಲ್ಲಿ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು 36 ಫೋಟೋ ತೆಗೆದಿದ್ದೆ. ಫಿಲ್ಮಿನ ತುದಿ ಒಳಗೆ ಸಿಕ್ಕಿಕೊಂಡೇ ಇರಲಿಲ್ಲ, ಕೌಂಟರ್ ಮಾತ್ರ ಓಡಿತ್ತು. ನಿಜಕ್ಕೂ ಸಂಕಟವಾಯಿತು. ಈಗ ರೀಲು ಹಾಕಿದ ತಕ್ಷಣ ಎಡಗಡೆಯ ರಿವೈಂಡ್ ತಿರುಪನ್ನು ನಿಧಾನವಾಗಿ ಸುತ್ತಿ ಸಡಿಲ ತೆಗೆಯುತ್ತೇನೆ. ಆಮೇಲೆ ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದಾಗ ಆ ತಿರುಪು ತಾನಾಗಿ ತಿರುಗುತ್ತದಾ ನೋಡುತ್ತೇನೆ. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ, ಮುಚ್ಚಳ ತೆಗೆದು ಮತ್ತೆ ಹಾಕಬೇಕು.

ಆಲೆಮನೆಗೆ ಎರಡೂ ಕ್ಯಾಮೆರಾ ತಗೊಂಡು ಹೋಗಿದ್ದೆ. ಒಳಗಿನ ಬೆಳಕು ಬಲು ಕಷ್ಟದ್ದು. ಒಂದು ಕಡೆ ರಚ್ಚು (ರಸ ತೆಗೆದ ಕಬ್ಬಿನ ಒಣ ಸಿಪ್ಪೆ) ಉರಿಯುವ ಒಲೆಯ ಬಾಯಿ, ಇನ್ನೊಂದು ಕಡೆ ಕತ್ತಲು, ನಡುವೆ ಕೊಪ್ಪರಿಗೆಯಿಂದ ಏಳುವ ಹಬೆ. ಡಿಜಿಟಲ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಳತೆ) 3200 ಇಟ್ಟು ಒಲೆಯ ಬೆಂಕಿ ಉಳಿಯುವ ಹಾಗೆ ಬೆಳಕು ಕಮ್ಮಿ ಮಾಡಿ ತೆಗೆದೆ. ಅದರಲ್ಲಿ ಒಮ್ಮೆ ಬೆಳ್ಳಗೆ ಸುಟ್ಟುಹೋದ ಜಾಗದಿಂದ ಆಮೇಲೆ ಏನೂ ಸಿಗಲ್ಲ, ಕತ್ತಲನ್ನಾದರೆ ಕಂಪ್ಯೂಟರಿನಲ್ಲಿ ಸ್ವಲ್ಪ ಎತ್ತಬಹುದು. ನೆಗೆಟಿವ್ ಫಿಲ್ಮ್ ಇದಕ್ಕೆ ತದ್ವಿರುದ್ಧ. ಬೆಳಕು ಜಾಸ್ತಿಯಾದರೆ ತಡೆದುಕೊಳ್ಳುತ್ತದೆ, ನೆರಳಿಗೆ ಬೆಳಕು ಸಾಲದಿದ್ದರೆ ಅಲ್ಲಿ ಏನೂ ಮೂಡುವುದೇ ಇಲ್ಲ. ಅದಕ್ಕೇ ರಚ್ಚು ಹಾಕುತ್ತಿದ್ದವರ ಮುಖದ ನೆರಳಿನ ಭಾಗಕ್ಕೆ ಕ್ಯಾಮೆರಾದ ಬೆಳಕಿನ ಮೀಟರ್ ನೋಡಿ, ಇಲ್‌ಫೋರ್ಡ್ ಎಚ್‌ಪಿ5 ಎಂಬ ಕಪ್ಪು-ಬಿಳುಪು ಫಿಲ್ಮಿನಲ್ಲಿ 1/30 ಸೆಕೆಂಡಿಗೆ, ಕಂಬಕ್ಕೆ ಒರಗಿ ಉಸಿರು ಹಿಡಿದು ತೆಗೆದೆ.

"ಎಲ್ಲಿ, ತೋರ್ಸಿ ಸಾ" ಅಂದರು ಅವರು.

"ಇದ್ರಲ್ಲಿ ಕಾಣಲ್ಲ ಅಣ್ಣ, ತೊಳೆದ ಮೇಲೆ ಪ್ರಿಂಟ್ ತಂದುಕೊಡ್ತೀನಿ."

ಕಪ್ಪು-ಬಿಳುಪು ರೀಲನ್ನು ಮನೆಯಲ್ಲೇ ತೊಳೆಯುತ್ತೇನೆ. ಡಾರ್ಕ್‌ರೂಮ್ ಬೇಕಿಲ್ಲ, ಬೆಳಕು ನುಗ್ಗದ ಕೈಚೀಲದೊಳಗೆ ರೀಲನ್ನು ಬೆಳಕು ನುಗ್ಗದ ಪುಟ್ಟ ಫಿಲ್ಮ್ ಟ್ಯಾಂಕಿಗೆ ಹಾಕಿದರೆ ಸಾಕು, ಉಳಿದದ್ದೆಲ್ಲ ಅಡುಗೆಮನೆ ಕಟ್ಟೆ ಮೇಲೆ. ನಮ್ಮೂರಲ್ಲಿ ನಿಜವಾದ ತೊಂದರೆ ನೀರಿನ ಬಿಸಿ. ಎಚ್‌ಪಿ5ಗೆ ಡಿ-76 ಡೆವಲಪರನ್ನು (ಚಿತ್ರ ಮೂಡಿಸುವ ದ್ರಾವಣ) ಅಷ್ಟೇ ನೀರಿನ ಜೊತೆ ಬೆರೆಸಿದರೆ 20 ಡಿಗ್ರಿಯಲ್ಲಿ 11 ನಿಮಿಷ ಬೇಕು. ಏಪ್ರಿಲ್‌ನಲ್ಲಿ ನಮ್ಮ ಮಹಡಿ ಮೇಲಿನ ಟ್ಯಾಂಕಿನ ನೀರು 30 ಡಿಗ್ರಿ ತೋರಿಸುತ್ತದೆ. ಅಷ್ಟು ಬಿಸಿಯಲ್ಲಿ ತೊಳೆದರೆ ನಾಲ್ಕೈದು ನಿಮಿಷದಲ್ಲೇ ಮುಗಿಸಬೇಕಾಗುತ್ತದೆ, ಫಿಲ್ಮ್ ಒಂದೇ ಸಮನಾಗಿ ಮೂಡುವುದಿಲ್ಲ, ಆಕಾಶದಲ್ಲೆಲ್ಲ ಪಟ್ಟೆ ಪಟ್ಟೆ. ಅದಕ್ಕೆ ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿ ನಿಲ್ಲಿಸಿ, ಥರ್ಮಾಮೀಟರ್ 24 ತೋರಿಸಿದಾಗ ಶುರು ಮಾಡಿ ಸುಮಾರು 8 ನಿಮಿಷ ತೊಳೆಯುತ್ತೇನೆ. ನಿಮಿಷಕ್ಕೊಮ್ಮೆ ಹತ್ತು ಸೆಕೆಂಡ್ ಫಿಲ್ಮ್ ಟ್ಯಾಂಕನ್ನು ಮೇಲೆ ಕೆಳಗೆ ಮಾಡಬೇಕು. ಆಮೇಲೆ ಚಿತ್ರ ನಿಲ್ಲಿಸುವ ಹೈಪೋ, ನೀರು. ಧೂಳು ಕೂರದ ಹಾಗೆ ಬಚ್ಚಲುಮನೆಯಲ್ಲಿ ಬಟ್ಟೆ ಕ್ಲಿಪ್ಪಿಗೆ ನೇತುಹಾಕಿದರೆ ಆಯಿತು. ಆ ಒದ್ದೆ ನೆಗೆಟಿವನ್ನು ಬಲ್ಬಿಗೆ ಹಿಡಿದಾಗ ಅಣ್ಣನ ಮುಖ ಕಂಡಿತು, ನೆರಳಿನಲ್ಲಿ ಕಣ್ಣು ಕೂಡ. ಡಿಜಿಟಲ್ ಫೋಟೋದಲ್ಲಿ ಬೆಂಕಿ ಚೆನ್ನಾಗಿತ್ತು. ಪ್ರಿಂಟ್ ಹಾಕಿಸಿ ಕೊಟ್ಟಿದ್ದು ಫಿಲ್ಮಿನದೇ.

ಹಾಗಂತ ಎಲ್ಲದಕ್ಕೂ ಫಿಲ್ಮ್ ಅನ್ನುವುದಿಲ್ಲ. ರಂಗನತಿಟ್ಟಿನಲ್ಲಿ ದೋಣಿ ಅಲ್ಲಾಡುತ್ತಿರುತ್ತದೆ, ಹಕ್ಕಿ ರೆಕ್ಕೆ ಬಿಚ್ಚುವ ಒಂದು ಕ್ಷಣಕ್ಕೆ ಇಪ್ಪತ್ತು ಫೋಟೋ ಬೇಕು, ಅಲ್ಲಿ ಡಿಜಿಟಲ್ ಬಿಟ್ಟು ಬೇರೆ ಯೋಚನೆಯೇ ಬೇಡ. ಖರ್ಚೂ ನೋಡಬೇಕು ಅಲ್ವಾ? ನಾನು ತರಿಸುವ ಒಂದು ರೀಲಿಗೆ ಸಾವಿರ ರೂಪಾಯಿಯ ಆಸುಪಾಸು, ಅಂದರೆ ಒಂದೊಂದು ಕ್ಲಿಕ್ಕಿಗೆ 28 ರೂಪಾಯಿ, ಕೆಮಿಕಲ್ ಬೇರೆ. ಹೊಸಬರು ಡಿಜಿಟಲ್‌ನಲ್ಲೇ ಮ್ಯಾನ್ಯುಯಲ್ ಇಟ್ಟು (ಬೆಳಕು, ವೇಗ ನೀವೇ ಹೊಂದಿಸಿ) ಕಲಿಯಿರಿ, ತಪ್ಪು ಅಲ್ಲೇ ಕಾಣುತ್ತದೆ. ಕೈ ಕೂತ ಮೇಲೆ ತಿಂಗಳಿಗೊಂದು ಕಪ್ಪು-ಬಿಳುಪು ರೀಲು ಹಾಕಿ. ತೊಳೆಯುವುದನ್ನು ಮಾತ್ರ ಡಿಸೆಂಬರ್‌ನಲ್ಲಿ ಶುರು ಮಾಡಿ, ಆಗ ಬೆಳಗಿನ ಹೊತ್ತು ನಲ್ಲಿ ನೀರೇ ತಣ್ಣಗಿರುತ್ತದೆ, ಐಸ್ ಹುಡುಕುವ ಕೆಲಸ ಇರಲ್ಲ.