ಮಳೆಗಾಲದ ತೋಟಕ್ಕೆ ಮಡಚುವ ಚಾಕು: ಲಾಕ್ ನೋಡಿ ಆರಿಸುವುದು ಹೇಗೆ

ಮಡಚುವ ಚಾಕು ಕೊಳ್ಳುವಾಗ ಹೆಚ್ಚಿನವರು ಮೊದಲು ನೋಡುವುದು ಅಲಗನ್ನು. ನಾನು ಮೊದಲು ನೋಡುವುದು ಲಾಕ್, ಅಂದರೆ ತೆರೆದ ಅಲಗು ತಾನಾಗಿ ಮಡಚಿಕೊಳ್ಳದ ಹಾಗೆ ಹಿಡಿದಿಡುವ ಭಾಗ. ಅಲಗು ಮೊಂಡಾದರೆ ಮಸೆದುಕೊಳ್ಳಬಹುದು. ಲಾಕ್ ಕೈಕೊಟ್ಟರೆ ಬೆರಳು ಹೋಗುತ್ತದೆ.

ನನಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ತೋಟದಲ್ಲಿ ಹನಿ ನೀರಾವರಿ ಪೈಪಿಗೆ ಚಾಕುವಿನ ಮೊನೆಯಿಂದ ತೂತು ಮಾಡುತ್ತಿದ್ದೆ. ಲಾಕ್ ಇಲ್ಲದ ಚಾಕು ಅದು. ಮೊನೆ ಪೈಪಿನಲ್ಲಿ ಸಿಕ್ಕಿಕೊಂಡಿತು, ನಾನು ಕೈಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದೆ, ಅಷ್ಟೇ, ಅಲಗು ಮಡಚಿಕೊಂಡು ತೋರುಬೆರಳಿನ ಮಧ್ಯದ ಗೆಣ್ಣಿನ ಮೇಲೆ ಕೂತಿತು. ತೀರ್ಥಹಳ್ಳಿಗೆ ಹೋಗಿ ಮೂರು ಹೊಲಿಗೆ ಹಾಕಿಸಿಕೊಂಡು ಬಂದೆ. ಚಾಕುವಿನ ತಪ್ಪಲ್ಲ ಅದು. ಆ ಕೆಲಸಕ್ಕೆ ಆ ಚಾಕು ಹಿಡಿದದ್ದು ನನ್ನ ತಪ್ಪು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಿಮ್ಮ ಕೆಲಸ ಏನು ಅಂತ ಯೋಚಿಸಿ. ಕೊಂಬೆ ಕಡಿಯಲು ಮನೆಯಲ್ಲಿ ಕತ್ತಿ ಇದೆ, ತರಕಾರಿಗೆ ಮೆಟ್ಟುಗತ್ತಿ ಇದೆ. ಜೇಬಿನ ಚಾಕುವಿಗೆ ಉಳಿಯುವುದು ಪ್ಲಾಸ್ಟಿಕ್ ಹಗ್ಗ ಕೊಯ್ಯುವುದು, ಗೊಬ್ಬರದ ಚೀಲ ಬಿಚ್ಚುವುದು, ಒಂದು ಬಾಳೆ ಎಲೆ, ಮೆಣಸಿನ ಬಳ್ಳಿ ಕಟ್ಟುವಾಗ ದಾರದ ತುದಿ, ಹಣ್ಣು. ಇದಕ್ಕೆ 7ರಿಂದ 9 ಸೆಂ.ಮೀ. ಅಲಗು ಸಾಕು. ಅದಕ್ಕಿಂತ ಉದ್ದ ಆದರೆ ಕೂತು ಏಳುವಾಗ ತೊಡೆಗೆ ಒತ್ತುತ್ತದೆ, ಆಮೇಲೆ ಮನೆಯಲ್ಲೇ ಬಿಟ್ಟು ಹೋಗುತ್ತೀರಿ.

ಈಗ ಲಾಕ್‌ಗಳಿಗೆ ಬರೋಣ.

ಲಾಕ್ ಇಲ್ಲದ ಚಾಕುವಿಗೆ ಸ್ಲಿಪ್ ಜಾಯಿಂಟ್ ಅನ್ನುತ್ತಾರೆ. ಹಿಡಿಯ ಬೆನ್ನಲ್ಲಿ ಒಂದು ಸ್ಪ್ರಿಂಗ್ ಪಟ್ಟಿ ಇರುತ್ತದೆ, ಅದರ ಒತ್ತಡಕ್ಕೆ ಅಲಗು ತೆರೆದು ನಿಲ್ಲುತ್ತದೆ. ಜೋರು ಮಾಡಿದರೆ ಮಡಚುತ್ತದೆ. ಸ್ವಿಸ್ ಚಾಕು ಅಂತ ನಾವು ಕರೆಯುವ ವಿಕ್ಟೋರಿನಾಕ್ಸ್‌ನ ಕೆಂಪು ಹಿಡಿಯ 91 ಮಿ.ಮೀ. ಚಾಕುಗಳು ಈ ಜಾತಿಯವು. ಹಣ್ಣು ಹೆಚ್ಚಲು, ಕಾಗದ ಕೊಯ್ಯಲು ಇದಕ್ಕಿಂತ ಚೆಂದದ್ದು ಇಲ್ಲ. ಆದರೆ ಚುಚ್ಚುವ ಕೆಲಸಕ್ಕೆ ಬೇಡವೇ ಬೇಡ.

ಬ್ಯಾಕ್ ಲಾಕ್ ನನ್ನ ಆಯ್ಕೆ. ಹಿಡಿಯ ಬೆನ್ನುದ್ದಕ್ಕೂ ಏತದ ಹಾಗೆ ಒಂದು ಪಟ್ಟಿ. ಅಲಗು ಪೂರ್ತಿ ತೆರೆದಾಗ ಪಟ್ಟಿಯ ಮುಂದಿನ ಕೊಂಡಿ ಅಲಗಿನ ಬುಡದ ಕಚ್ಚಿಗೆ ಬಿದ್ದು ‘ಟಕ್’ ಅನ್ನುತ್ತದೆ. ಹಿಂದೆ ಒತ್ತಿದರೆ ಕೊಂಡಿ ಮೇಲೇಳುತ್ತದೆ, ಅಲಗು ಮಡಚಬಹುದು. ಇದು ಯಾಕೆ ಇಷ್ಟ ಅಂದರೆ, ಒತ್ತುವ ಜಾಗ ಬೆನ್ನಿನ ಮೇಲಿದೆ, ಬೆರಳು ಅಲಗಿನ ದಾರಿಗೆ ಅಡ್ಡ ಬರುವುದಿಲ್ಲ. ಎರಡು ಕೈ ಹಚ್ಚಿ ನಿಧಾನಕ್ಕೆ ಮಡಚಬೇಕು, ಅದು ನಿಜ. ಆದರೆ ಮಳೆಯಲ್ಲಿ ನೆನೆದು ಬೆರಳು ಮರಗಟ್ಟಿದಾಗ ನಿಧಾನವೇ ಒಳ್ಳೆಯದು, ಅಲ್ವಾ?

ಈಗ ಅಂಗಡಿಯಲ್ಲಿ ಜಾಸ್ತಿ ಸಿಗುವುದು ಲೈನರ್ ಲಾಕ್. ಹಿಡಿಯ ಒಳಗಿನ ತೆಳು ಲೋಹದ ತಗಡು ಒಂದು ಕಡೆಯಿಂದ ಬಾಗಿ ಬಂದು ಅಲಗಿನ ಬುಡಕ್ಕೆ ಆನಿಕೊಂಡು ನಿಲ್ಲುತ್ತದೆ. ಇಂದಿನ ರೂಪಕ್ಕೆ ಇದನ್ನು ತಂದವರು ಅಮೆರಿಕದ ಮೈಕೆಲ್ ವಾಕರ್, 1980ರ ದಶಕದ ಆರಂಭದಲ್ಲಿ. ಒಂದೇ ಕೈಯಲ್ಲಿ ತೆರೆಯಬಹುದು, ಮಡಚಬಹುದು, ಒಳಗೆ ತೊಳೆಯುವುದೂ ಸುಲಭ. ನನಗೆ ಹಿಡಿಸದಿರುವುದು ಒಂದೇ ವಿಷಯ. ಮಡಚಬೇಕಾದರೆ ಹೆಬ್ಬೆರಳನ್ನು ಅಲಗು ಬರುವ ದಾರಿಯಲ್ಲೇ ಇಟ್ಟು ತಗಡನ್ನು ಸರಿಸಬೇಕು. ಒಣ ಕೈಯಲ್ಲಿ ಏನೂ ತೊಂದರೆ ಇಲ್ಲ. ಅಡಿಕೆಗೆ ಹೊಡೆಯುವ ಬೋರ್ಡೋ ಮದ್ದು, ಕೆಸರು, ಮಳೆನೀರು ಎಲ್ಲ ಮೆತ್ತಿದ ಕೈಯಲ್ಲಿ ನಾನು ಆ ಕೆಲಸ ಮಾಡುವುದಿಲ್ಲ. ಹಿಡಿಯ ಒಂದು ಬದಿಯೇ ಬಾಗಿ ಲಾಕ್ ಆಗುವಂಥದ್ದೂ ಇದೆ, ಫ್ರೇಮ್ ಲಾಕ್. ಇನ್ನೂ ಗಟ್ಟಿ, ಆದರೆ ಮಡಚುವ ರೀತಿ ಅದೇ.

ಎಡಗೈಯವರು ಇಲ್ಲಿ ಸ್ವಲ್ಪ ಗಮನ ಕೊಡಿ. ನನ್ನ ಅಕ್ಕ ಎಡಚಿ. ಹೆಚ್ಚಿನ ಲೈನರ್ ಲಾಕ್‌ಗಳು ಬಲಗೈಯವರಿಗೆ ಅಂತಲೇ ಮಾಡಿದವು. ಅವಳು ಒಂದನ್ನು ಇಟ್ಟುಕೊಂಡು ಎರಡು ವರ್ಷ ಒದ್ದಾಡಿದಳು. ಈಗ ಅವಳ ಹತ್ತಿರ ಇರುವುದು ಕ್ರಾಸ್‌ಬಾರ್ ಲಾಕ್. ಹಿಡಿಯ ಅಡ್ಡಕ್ಕೆ ಒಂದು ಸಣ್ಣ ಉಕ್ಕಿನ ಸರಳು, ಎರಡೂ ಕಡೆ ಗುಂಡಿಯ ಹಾಗೆ ಚಾಚಿರುತ್ತದೆ, ಹಿಂದಕ್ಕೆ ಎಳೆದರೆ ಅಲಗು ಸಡಿಲ. ಯಾವ ಕೈಯಾದರೂ ಸರಿ, ಬೆರಳೂ ದಾರಿಗೆ ಬರುವುದಿಲ್ಲ. ಬೆಂಚ್‌ಮೇಡ್ ಕಂಪನಿ 1998ರಲ್ಲಿ ಆಕ್ಸಿಸ್ ಹೆಸರಿನಲ್ಲಿ ಇದನ್ನು ತಂದಿತು, ಈಗ ಬೇರೆಯವರೂ ಮಾಡುತ್ತಾರೆ. ಒಳಗಿನ ತಂತಿಯ ಸ್ಪ್ರಿಂಗ್ ತುಂಬಾ ತೆಳು, ಅದೊಂದೇ ಅದರ ದುರ್ಬಲ ಜಾಗ. ದುಡ್ಡು ಸ್ವಲ್ಪ ಜಾಸ್ತಿ ಹಾಕಲು ತಯಾರಿದ್ದರೆ ಬ್ಯಾಕ್ ಲಾಕ್ ಬಿಟ್ಟರೆ ನಾನು ಇದನ್ನೇ ಹೇಳುತ್ತೇನೆ.

ಇನ್ನು ಫ್ರಾನ್ಸಿನ ಒಪಿನೆಲ್. ಮರದ ಹಿಡಿ, ಕುತ್ತಿಗೆಯಲ್ಲಿ ತಿರುಗಿಸುವ ಒಂದು ಉಂಗುರ. ಅಲಗು ತೆರೆದು ಉಂಗುರ ತಿರುಗಿಸಿದರೆ ಮಡಚುವುದಿಲ್ಲ. ಈ ಉಂಗುರ ಬಂದದ್ದು 1955ರಲ್ಲಿ. ನಂಬರ್ 8ರ ಅಲಗು 8.5 ಸೆಂ.ಮೀ., ಅದು ಕೈಗೆ ಸರಿಯಾದ ಅಳತೆ. ನನಗೆ ಈ ಚಾಕುವಿನ ಮೇಲೆ ಬಹಳ ಪ್ರೀತಿ, ಅಷ್ಟು ತೆಳ್ಳಗಿನ ಅಲಗು ಮಾವಿನಹಣ್ಣಿನಲ್ಲಿ ಇಳಿಯುವುದನ್ನು ನೋಡಬೇಕು. ಆದರೆ ಆಗುಂಬೆಯ ಕಡೆ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ನಮ್ಮ ಊರೂ ಅಲ್ಲಿಂದ ದೂರ ಇಲ್ಲ. ಜೂನ್ ಕಳೆಯುವಷ್ಟರಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಅಲಗು ಹಿಡಿಯೊಳಗೆ ಸಿಕ್ಕಿಕೊಂಡು ಉಗುರಿಗೆ ಬಗ್ಗುವುದಿಲ್ಲ. ಬಚ್ಚಲ ಒಲೆಯಿಂದ ಒಂದು ಮಾರು ದೂರದಲ್ಲಿ ಎರಡು ದಿನ ಇಟ್ಟರೆ ಸರಿಹೋಗುತ್ತದೆ. ತೀರಾ ಹತ್ತಿರ ಇಟ್ಟರೆ ಮರ ಸೀಳುತ್ತದೆ. ದೀಪಾವಳಿಯಿಂದ ಯುಗಾದಿವರೆಗೆ ನನ್ನ ಜೇಬಿನಲ್ಲಿ ಅದೇ, ಮಳೆಗಾಲದಲ್ಲಿ ಅಡುಗೆಮನೆಯ ಗೂಡಿನಲ್ಲಿ.

ಉಕ್ಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕಡೆಗೆ ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಕಾರ್ಬನ್ ಉಕ್ಕು ಬೇಗ ಹರಿತ ಆಗುತ್ತದೆ, ಒಪ್ಪುತ್ತೇನೆ, ಆದರೆ ಹಸಿ ಅಡಿಕೆ ಕೊಯ್ದರೆ ಚೊಗರು ತಾಗಿ ಅಲಗು ಆಗಲೇ ಕಪ್ಪಾಗುತ್ತದೆ, ಬಾಳೆಯ ಸೊನೆಗೂ ಹಾಗೆಯೇ, ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಿಗ್ಗೆ ತುಕ್ಕು.

ಅಂಗಡಿಯಲ್ಲಿ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಚಾಕು ತೆರೆದು ‘ಟಕ್’ ಕೇಳಿ. ಅಲಗಿನ ಬೆನ್ನನ್ನು ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ, ಆಡಬಾರದು. ಆಮೇಲೆ ಹಿಡಿಯನ್ನು ಬದಿಗಳಿಂದ ಮಾತ್ರ ಹಿಡಿದು, ಬೆರಳುಗಳು ಅಲಗಿನ ದಾರಿಯಲ್ಲಿ ಇಲ್ಲದ ಹಾಗೆ ನೋಡಿಕೊಂಡು, ಅಲಗಿನ ಬೆನ್ನನ್ನು ಮರದ ಕಟ್ಟೆಗೆ ಎರಡು ಸಲ ಮೆತ್ತಗೆ ತಟ್ಟಿ. ಜೋರಾಗಿ ಬಡಿಯಬೇಡಿ, ಒಳ್ಳೆಯ ಲಾಕೂ ಅದರಿಂದ ಹಾಳಾಗುತ್ತದೆ. ಮೆತ್ತಗೆ ತಟ್ಟಿದ್ದಕ್ಕೇ ಜಾರಿದರೆ ಅಲ್ಲೇ ಇಟ್ಟು ಬನ್ನಿ, ಎಷ್ಟೇ ಅಗ್ಗ ಇದ್ದರೂ. ಕೊನೆಗೆ ಕೈ ಒದ್ದೆ ಮಾಡಿಕೊಂಡು ಒಮ್ಮೆ ತೆರೆದು ಮಡಚಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮನೆಗೆ ತಂದ ಮೇಲೆ ಲಾಕ್‌ನ ಶತ್ರು ಮಣ್ಣು. ಬ್ಯಾಕ್ ಲಾಕ್‌ನ ಕಚ್ಚಿನಲ್ಲಿ ಕೆಸರು ತುಂಬಿದರೆ ಕೊಂಡಿ ಪೂರ್ತಿ ಕೂರುವುದಿಲ್ಲ, ‘ಟಕ್’ ಬದಲು ‘ಟಪ್’ ಅಂತ ಮಂದ ಸದ್ದು ಬರುತ್ತದೆ. ಆ ಸದ್ದು ಕೇಳಿದ ತಕ್ಷಣ ಕೆಲಸ ನಿಲ್ಲಿಸಿ. ನಲ್ಲಿ ಕೆಳಗೆ ಹಿಡಿದು, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಕಚ್ಚು ಉಜ್ಜಿ, ಬಾಯಲ್ಲಿ ಊದಿ, ತೆರೆದೇ ಒಣಗಿಸಿ. ತಿರುಗುವ ಜಾಗಕ್ಕೆ ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಅಲ್ಲಿಗೆ ಬೇಡ, ಡಿಸೆಂಬರ್ ಚಳಿಗೆ ಹೆಪ್ಪುಗಟ್ಟಿ ಚಾಕು ಬಿಗಿಯಾಗುತ್ತದೆ. ಅದನ್ನು ಹಲಸಿನಹಣ್ಣು ಬಿಡಿಸುವ ಮೊದಲು ಅಲಗಿಗೆ ಸವರಿ, ಮೇಣ ಅಂಟುವುದಿಲ್ಲ.

ಮಸೆಯುವಾಗ ಕೋನದ ಲೆಕ್ಕ ಸುಲಭ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅದರ ಅರ್ಧ. ಸುಮಾರು 22 ಡಿಗ್ರಿ ಆಯಿತು, ಅಷ್ಟೇ ಬೇಕಾದದ್ದು. ಮಸೆಯುವಾಗಲೂ ಲಾಕ್ ಬಿದ್ದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ. ವಿಮಾನದಲ್ಲಿ ಹೋಗುವುದಿದ್ದರೆ ಹಿಂದಿನ ರಾತ್ರಿಯೇ ಜೇಬು ನೋಡಿ, ಚಾಕುವನ್ನು ದೊಡ್ಡ ಬ್ಯಾಗಿಗೆ ಹಾಕಿ ಲಗೇಜಿಗೆ ಕೊಡಿ. ಕೈಚೀಲದಲ್ಲಿ ಬಿಡುವುದಿಲ್ಲ.