ಮನೆಯಲ್ಲೇ ಸೈಕಲ್ ರಿಪೇರಿ: ಸ್ಟ್ಯಾಂಡ್ ಕೊಳ್ಳುವ ಮುಂಚೆ

ಸೈಕಲನ್ನು ತಲೆಕೆಳಗೆ ನಿಲ್ಲಿಸಿ ರಿಪೇರಿ ಮಾಡಿ ಸಾಕಾಯಿತೇ? ಚೈನಿಗೆ ಎಣ್ಣೆ ಬಿಡುವುದು, ಗೇರ್ ಸರಿಮಾಡುವುದು ಇಷ್ಟೇ ಕೆಲಸವಾದರೆ ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಪುಟ್ಟ ಸ್ಟ್ಯಾಂಡೇ ಸಾಕು. ಸುಮ್ನೆ ಜಾಸ್ತಿ ದುಡ್ಡು ಹಾಕಬೇಡಿ.

ಚಕ್ರ ಬಿಚ್ಚುವುದು, ಬ್ರೇಕ್ ಕೇಬಲ್ ಬದಲಿಸುವುದು ಎಲ್ಲ ನೀವೇ ಮಾಡುವುದಾದರೆ ಕ್ಲ್ಯಾಂಪ್ (ಸೈಕಲನ್ನು ಕಚ್ಚಿ ಹಿಡಿಯುವ ಭಾಗ) ಇರುವ ಎತ್ತರದ ಸ್ಟ್ಯಾಂಡ್ ಬೇಕು. ಮೊದಲು ನೋಡಬೇಕಾದ್ದು ಆ ಕ್ಲ್ಯಾಂಪನ್ನೇ. ಹಿಡಿಯುವ ಕಡೆ ರಬ್ಬರ್ ಇರಬೇಕು, ನಿಮ್ಮ ಸೀಟ್ ಪೋಸ್ಟಿನ (ಸೀಟನ್ನು ಹೊತ್ತ ಕೊಳವೆಯ) ದಪ್ಪಕ್ಕೆ ಹೊಂದಬೇಕು. ಬಿಗಿಯುವುದು ಸೀಟ್ ಪೋಸ್ಟಿಗೆ ಮಾತ್ರ. ಫ್ರೇಮಿನ ಪೈಪಿಗೆ ಬಿಗಿದರೆ, ಅದರಲ್ಲೂ ಕಾರ್ಬನ್ ಅಥವಾ ತೆಳು ಅಲ್ಯೂಮಿನಿಯಂ ಆದರೆ, ಪೈಪೇ ಹಾಳಾಗಬಹುದು. ಸೀಟ್ ಪೋಸ್ಟೂ ಕಾರ್ಬನ್ನಿನದ್ದೇ? ಅದೇ ಅಳತೆಯ ಹಳೆಯ ಅಲ್ಯೂಮಿನಿಯಂ ಪೋಸ್ಟ್ ಒಂದನ್ನು ಇಟ್ಟುಕೊಂಡು, ಕೆಲಸದ ಹೊತ್ತಿಗೆ ಅದನ್ನು ಹಾಕಿಕೊಳ್ಳಿ.

ಕಾಲುಗಳು ಅಗಲವಾಗಿ ಹರಡಿಕೊಳ್ಳಬೇಕು. ನನ್ನ ಮೊದಲ ಸ್ಟ್ಯಾಂಡ್ ಬಡಕಲು. ಪೆಡಲ್ ಬಿಚ್ಚಲು ಸ್ಪ್ಯಾನರ್ ಒತ್ತಿದ ಕೂಡಲೇ ಸೈಕಲ್ ಸಮೇತ ಮಗುಚಿತು. (ಅಂದಿನಿಂದ ಪೆಡಲ್ ಕೆಲಸ ಮಾತ್ರ ಸೈಕಲ್ ನೆಲದ ಮೇಲಿದ್ದಾಗಲೇ.)

ಎಲೆಕ್ಟ್ರಿಕ್ ಸೈಕಲ್ 20 ಕೆಜಿ ದಾಟುವುದುಂಟು. ಸ್ಟ್ಯಾಂಡ್ ಎಷ್ಟು ಭಾರ ತಡೆಯುತ್ತದೆ ಅಂತ ಓದಿಯೇ ಕೊಳ್ಳಿ. ಬ್ಯಾಟರಿ ತೆಗೆದು ಎತ್ತಿದರೆ ಬೆನ್ನಿಗೂ ಒಳ್ಳೆಯದು ಅಲ್ವಾ?